ನರೆಗೆ ಸಂದ ಗೌರವ, ತೆರೆಗೆ ಸಲ್ಲದ ನ್ಯಾಯ

ಕನ್ನಡದಲ್ಲಿ ಮುಪ್ಪಿನ ಮೊದಲ ಗುರುತುಗಳಿಗೆ ಎರಡು ಪುಟ್ಟ ಪದಗಳಿವೆ: ನರೆ ಮತ್ತು ತೆರೆ. ನರೆ ಎಂದರೆ ಬೆಳ್ಳಗಾದ ಕೂದಲು. ತೆರೆ ಎಂದರೆ ಮುಖದ ಮೇಲೆ ಮೂಡುವ ಸುಕ್ಕು. ತಮಿಳಿನಲ್ಲಿ ಇವೇ ನರೈ, ತಿರೈ ಎಂದಾಗಿ, ಮೂಪ್ಪು ಎಂಬ ಮೂರನೆಯ ಪದದೊಡನೆ ಸೇರಿ ಒಂದು ನುಡಿಗಟ್ಟಾಗಿ ನಿಂತಿವೆ. ಸಂಸ್ಕೃತ ಪಲಿತ, ವಲಿ ಎನ್ನುತ್ತದೆ. ಮೂರು ಭಾಷೆಗಳಲ್ಲಿಯೂ ಈ ಪದಗಳು ಅವಳಿಗಳಂತೆ ಜೊತೆಯಾಗಿ ಓಡಾಡುತ್ತವೆ. ಬಸವಣ್ಣನವರ ಪ್ರಸಿದ್ಧ ವಚನವೊಂದರ ಆರಂಭದಲ್ಲಿಯೂ ಇವು ಅಕ್ಕಪಕ್ಕದಲ್ಲೇ ಇವೆ. ಆದರೆ ಕಥೆ ಹೇಳುವ ಹೊತ್ತು ಬಂದಾಗ ಕಾವ್ಯಪರಂಪರೆ ಈ ಅವಳಿಗಳನ್ನು ಸಮನಾಗಿ ಕಾಣಲಿಲ್ಲ. ನರೆಗೆ ಒಂದು ಸನ್ನಿವೇಶ ದೊರೆಯಿತು, ಒಂದು ಪದವಿಯೂ ದೊರೆಯಿತು. ತೆರೆಗೆ ದೊರೆತದ್ದು ವರ್ಣನೆ ಮಾತ್ರ; ಅದರಲ್ಲಿಯೂ ಹೆಚ್ಚಿನ ಪಾಲು ಜುಗುಪ್ಸೆಯದು. ನಲವತ್ತೈದು, ಐವತ್ತರ ಪ್ರಾಯದಲ್ಲಿ ಕನ್ನಡಿಯ ಮುಂದೆ ನಿಂತು ಕಣ್ಣಂಚಿನ ಗೆರೆಗಳನ್ನು ಬೆರಳಿನಿಂದ ಎಳೆದು ನೋಡಿಕೊಳ್ಳುವ ಇಂದಿನ ಸ್ತ್ರೀಪುರುಷರು, ತಿಳಿದೋ ತಿಳಿಯದೆಯೋ, ಈ ಅಸಮತೆಯ ವಾರಸುದಾರರು.

ನರೆಯ ಸನ್ನಿವೇಶ ಸಾಹಿತ್ಯದ ವಿದ್ಯಾರ್ಥಿಗಳಿಗೆ ಚಿರಪರಿಚಿತ. ರಘುವಂಶದ ಹನ್ನೆರಡನೆಯ ಸರ್ಗದ ಆರಂಭದಲ್ಲಿ ಮುಪ್ಪು ನರೆಯ ರೂಪ ತಾಳಿ ದಶರಥನ ಕಿವಿಯ ಬಳಿ ಸುಳಿಯುತ್ತದೆ, ರಾಮನ ಪಟ್ಟಾಭಿಷೇಕದ ಸೂಚನೆ ಕೊಡುತ್ತದೆ. ಕೈಕೇಯಿಯ ಅಂಜಿಕೆಯನ್ನೂ ಕಾಳಿದಾಸ ಅದರೊಳಗೇ ಅಡಗಿಸಿಟ್ಟಿದ್ದಾನೆ. ಜೈನ ಪುರಾಣಗಳಲ್ಲಿ ಇದು ಇನ್ನೂ ನಿಚ್ಚಳ. ಜಿನಸೇನ ಗುಣಭದ್ರರ ಮಹಾಪುರಾಣದ ಪರಂಪರೆಯಲ್ಲಿ ಭರತಚಕ್ರವರ್ತಿ ಕನ್ನಡಿಯಲ್ಲಿ ಒಂದು ಬಿಳಿಗೂದಲನ್ನು ಕಾಣುತ್ತಾನೆ. ಅದು ತಂದೆಯ ಬಳಿಯಿಂದ ಬಂದ ದೂತನಂತೆ ತೋರುತ್ತದೆ. ದೀಕ್ಷೆಯಾಗಿ ಸ್ವಲ್ಪ ಹೊತ್ತಿನಲ್ಲಿಯೇ ಅವನಿಗೆ ಕೇವಲಜ್ಞಾನ. ಶ್ವೇತಾಂಬರ ಪರಂಪರೆ ಇದೇ ಭರತನನ್ನು ಇದೇ ರೀತಿ ಕನ್ನಡಿಯ ಮನೆಯಲ್ಲಿ ನಿಲ್ಲಿಸುತ್ತದೆ, ಆದರೆ ಕೂದಲಿನ ಬದಲು ಬೆರಳಿನಿಂದ ಜಾರಿಬಿದ್ದ ಉಂಗುರವನ್ನು ತರುತ್ತದೆ. ಉಂಗುರವಿಲ್ಲದ ಬೆರಳು ಕಳೆಗುಂದಿ ಕಂಡಾಗ ಚಕ್ರವರ್ತಿ ಉಳಿದ ಆಭರಣಗಳನ್ನೂ ಒಂದೊಂದಾಗಿ ತೆಗೆದುನೋಡುತ್ತಾನೆ. ಎರಡು ಪಾಠಗಳನ್ನೂ ಜೊತೆಗಿಟ್ಟು ಓದುವುದು ಒಳ್ಳೆಯದು. ಒಂದರಲ್ಲಿ ಮೈ ಬದಲಾಗಿದೆ; ಇನ್ನೊಂದರಲ್ಲಿ ಮೈ ಬದಲಾಗಿಯೇ ಇಲ್ಲ, ಅದರ ಮೇಲಿದ್ದ ಎರವಲು ಕಾಂತಿ ಮಾತ್ರ ಹೋಗಿದೆ.

ಕನ್ನಡದಲ್ಲಿ ಈ ಸನ್ನಿವೇಶವನ್ನು ಸಂಗ್ರಹವಾಗಿ, ಆದರೆ ಬಹುದೂರದ ಪರಿಣಾಮದೊಡನೆ ತಂದವನು ಜನ್ನ. 1209ರ ಯಶೋಧರಚರಿತೆಯಲ್ಲಿ ಉಜ್ಜಯಿನಿಯ ಅರಸ ಯಶೌಘ ಕನ್ನಡಿಯಲ್ಲಿ ನರೆಯನ್ನು ಕಂಡು, ಮಗ ಯಶೋಧರನಿಗೆ ಪಟ್ಟಕಟ್ಟಿ ತಪಸ್ಸಿಗೆ ತೆರಳುತ್ತಾನೆ. ಕಥೆಯಲ್ಲಿ ಅವನ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಈ ಎಲ್ಲ ಅರಸರಿಗೂ ನರೆಯೇ ಏಕೆ ಕಾಣುತ್ತದೆ, ತೆರೆ ಏಕೆ ಕಾಣುವುದಿಲ್ಲ? ಕವಿಸಮಯ ಎಂದು ತಳ್ಳಿಹಾಕಬಹುದು; ಆದರೆ ಕವಿಸಮಯಗಳಿಗೂ ಕಾರಣಗಳಿರುತ್ತವೆ. ನರೆ ಎಣಿಕೆಗೆ ಸಿಗುವಂಥದು. ಒಂದು ಕೂದಲು ಬೆಳ್ಳಗಾದ ದಿನವೆಂಬುದಿದೆ. ಅದನ್ನು ಎರಡು ಬೆರಳಲ್ಲಿ ಹಿಡಿಯಬಹುದು, ಕಿತ್ತು ಮಗನ ಕೈಗೆ ಕೊಟ್ಟು ತೋರಿಸಬಹುದು. ಜೈನ ದೀಕ್ಷೆಯ ಮೊದಲ ಕ್ರಿಯೆಯೇ ಕೇಶಲೋಚ ಎಂಬುದನ್ನು ನೆನೆದರೆ, ಆ ಒಂದು ಕೂದಲಿನಿಂದ ಐದು ಮುಷ್ಟಿ ಕೂದಲಿಗೆ ದಾರಿ ಎಷ್ಟು ನೇರ ಎಂಬುದು ತಿಳಿಯುತ್ತದೆ. ತೆರೆಗೆ ಹಾಗೆ ಮೊದಲ ದಿನವೆಂಬುದಿಲ್ಲ. ನಕ್ಕಾಗ ಮೂಡಿ ನಗು ನಿಂತಾಗ ಮಾಯವಾಗುತ್ತಿದ್ದ ಗೆರೆ ಎಂದೋ ಒಂದು ದಿನ ನಗದಿದ್ದಾಗಲೂ ಅಲ್ಲೇ ಉಳಿಯುತ್ತದೆ. ಅದನ್ನು ಕೀಳಲಾಗದು; ಯಾರಿಗೂ ಕೊಡಲಾಗದು. ಇನ್ನೊಂದು ಸಣ್ಣ ಕಾರಣವೂ ಇದ್ದೀತು: ಅರಸರ ತಲೆಯ ಮೇಲೆ ಸದಾ ಬೆಳ್ಗೊಡೆ. ಚರ್ಮದ ಸುಕ್ಕಿಗೆ ವಯಸ್ಸು ಎಷ್ಟು ಕಾರಣವೋ ಬಿಸಿಲೂ ಅಷ್ಟೇ ಕಾರಣವೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಸೂರ್ಯನ ನೇರಳಾತೀತ ಕಿರಣಗಳು ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಳೆಗಳನ್ನು ಶಿಥಿಲಗೊಳಿಸುತ್ತವೆ. ಹೊಲದಲ್ಲಿ ದುಡಿದವಳ ಹಣೆಯಲ್ಲಿ ಮೂವತ್ತೈದಕ್ಕೇ ಮೂಡುವ ತೆರೆ ಕೊಡೆಯ ನೆರಳಿನ ಅರಸನಿಗೆ ಅರವತ್ತಾದರೂ ಮೂಡದಿದ್ದರೆ ಅಚ್ಚರಿಯಿಲ್ಲ. ನರೆ ಬಡವ ಬಲ್ಲಿದರನ್ನು ಅಷ್ಟಾಗಿ ನೋಡದು, ತೆರೆ ನೋಡುತ್ತದೆ. ದುಡಿಮೆಯ ಗುರುತನ್ನು ಕಾವ್ಯ ರಾಜವೈರಾಗ್ಯದ ನಿಮಿತ್ತವಾಗಿ ಆರಿಸಿಕೊಳ್ಳಲಿಲ್ಲ.

ನರೆಗೂ ನೆಮ್ಮದಿಗೂ ಇರುವ ನಂಟನ್ನು ಕುರಿತು ಸಂಗಂ ಕವಿ ಪಿಸಿರಾಂದೈಯಾರ್‌ನ ಪುರನಾನೂರಿನ ಪದ್ಯವನ್ನು ಇಲ್ಲಿ ನೆನೆಯಬಹುದು. ವರ್ಷಗಳು ಇಷ್ಟಾದರೂ ನರೆ ಬಾರದಿರುವುದಕ್ಕೆ ಅವನು ಕೊಡುವ ಕಾರಣಗಳಲ್ಲಿ ಮದ್ದಿಲ್ಲ, ಎಣ್ಣೆಯಿಲ್ಲ. ಮನೆಯವರು, ಆಳುಗಳು, ಅರಸ, ಊರಿನ ಸಜ್ಜನರು ಇದ್ದಾರೆ. ಮೈಯ ಬದಲಾವಣೆಯನ್ನು ಒಬ್ಬನ ಕನ್ನಡಿಯಿಂದ ಊರಿನ ಮಧ್ಯಕ್ಕೆ ತಂದ ಅಪರೂಪದ ಕವಿ ಅವನು.

ಮತ್ತೆ ಜನ್ನನಿಗೆ ಬರಬೇಕು. ಯಶೌಘನ ನರೆಯ ಪ್ರಸಂಗವನ್ನು ತರಗತಿಗಳಲ್ಲಿ ವೈರಾಗ್ಯದ ಮಾದರಿಯೆಂದು ಬೋಧಿಸುವುದು ವಾಡಿಕೆ. ಅದೇ ಅರಮನೆಯಲ್ಲಿ ಅವನ ರಾಣಿ ಚಂದ್ರಮತಿಯೂ ಇದ್ದಳೆಂಬುದನ್ನು ಆ ಹೊತ್ತಿನಲ್ಲಿ ಯಾರೂ ನೆನೆಯುವುದಿಲ್ಲ. ಗಂಡನಿಗೆ ನರೆ ಬಂದ ಕಾಲಕ್ಕೆ ಅವಳೂ ಹರೆಯದವಳಲ್ಲ. ಪಟ್ಟಕ್ಕೇರುವ ವಯಸ್ಸಿನ ಮಗನಿದ್ದಾನೆ. ಅವಳ ಕೈಗೆ ಕವಿ ಕನ್ನಡಿ ಕೊಡುವುದಿಲ್ಲ. ಗಂಡ ಕಾಡಿಗೆ ಹೋಗುತ್ತಾನೆ, ಅವಳು ರಾಜಮಾತೆಯಾಗಿ ಉಳಿಯುತ್ತಾಳೆ. ಮುಂದೆ ಮಗ ಕನಸಿನ ನೆವ ಹೇಳಿಕೊಂಡು ಬಂದಾಗ ಚಂಡಮಾರಿಗೆ ಬಲಿ ಕೊಡಬೇಕೆಂದು ಒತ್ತಾಯಿಸುವವಳು ಅವಳೇ. ಹಿಟ್ಟಿನ ಕೋಳಿಯ ಬಲಿಯಿಂದ ತಾಯಿಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳ ಸರಪಳಿಗೆ ಬೀಳುತ್ತಾರೆ. ಸಂಕಲ್ಪಹಿಂಸೆಯ ದೃಷ್ಟಾಂತವಾಗಿ ಕಥೆ ಸರಿಯಾಗಿಯೇ ನಡೆದಿದೆ. ಆದರೂ ಒಂದು ಪ್ರಶ್ನೆಯನ್ನು ಸಂಶೋಧಕರು ಕೇಳಬೇಕಾಗಿದೆ. ಒಂದೇ ಅರಮನೆಯಲ್ಲಿ ಒಂದೇ ಕಾಲಕ್ಕೆ ಮುಪ್ಪಿನ ಹೊಸ್ತಿಲಿಗೆ ಬಂದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಆ ಹೊಸ್ತಿಲು ಬಾಗಿಲಾಯಿತು. ಇನ್ನೊಬ್ಬಳು ಬದಲಾದ ಮೈ, ಬದಲಾದ ಸ್ಥಾನ, ಖಾಲಿಯಾದ ಪಕ್ಕದ ಆಸನ ಇವುಗಳೊಡನೆ ಒಳಗೇ ಉಳಿದಳು. ಉಳಿದ ಒಂದೇ ಅಧಿಕಾರವಾದ ಮಗನ ಮೇಲಿನ ಹಿಡಿತವನ್ನು ಬಿಗಿಗೊಳಿಸಿದಳು.

ಸ್ತ್ರೀಯರಿಗೆ ವೈರಾಗ್ಯದ ದಾರಿ ಮುಚ್ಚಿತ್ತೆಂದು ಇದರಿಂದ ಹೇಳಿದಂತಾಗದು. ವೃಷಭನಾಥನ ಮಕ್ಕಳಾದ ಬ್ರಾಹ್ಮಿ, ಸುಂದರಿಯರು ಆರ್ಯಿಕೆಯರಾದರು. ಜೈನ ಸಂಘದ ನಾಲ್ಕು ಅಂಗಗಳಲ್ಲಿ ಎರಡು ಸ್ತ್ರೀಯರವೇ. ಆದರೆ ಬ್ರಾಹ್ಮಿ, ಸುಂದರಿಯರಿಗೆ ವೈರಾಗ್ಯ ಹುಟ್ಟಲು ನರೆ ಬೇಕಾಗಲಿಲ್ಲ. ನಡುವಯಸ್ಸಿನ ಹೆಂಗಸೊಬ್ಬಳು ತನ್ನ ಮುಖವನ್ನು ತಾನೇ ನೋಡಿಕೊಂಡು ತನ್ನ ಬಾಳಿನ ಬಗ್ಗೆ ತಾನೇ ಒಂದು ತೀರ್ಮಾನಕ್ಕೆ ಬರುವ ಚಿತ್ರ ಬೇಕೆಂದರೆ ಪಾಲಿ ಭಾಷೆಯ ಥೇರೀಗಾಥೆಗೆ ಹೋಗಬೇಕಾಗುತ್ತದೆ. ಅಲ್ಲಿ ವೈಶಾಲಿಯ ಗಣಿಕೆಯಾಗಿದ್ದ ಅಂಬಪಾಲಿ ಕೂದಲಿನಿಂದ ತೊಡಗಿ ಪಾದದವರೆಗೆ ತನ್ನ ಒಂದೊಂದು ಅಂಗವನ್ನೂ ಅಂದು ಹೇಗಿತ್ತು, ಇಂದು ಹೇಗಿದೆ ಎಂದು ಲೆಕ್ಕ ಒಪ್ಪಿಸುತ್ತಾಳೆ. ಆ ಗಾಥೆಗಳ ಬಲ ಇರುವುದು ಉಪಮೆಗಳಲ್ಲಿ ಅಲ್ಲ, ಹೇಳುತ್ತಿರುವವಳು ಯಾರು ಎಂಬುದರಲ್ಲಿ. ಅದೇ ಪಟ್ಟಿಯನ್ನು ಅವಳ ಮನೆಗೆ ಬರುತ್ತಿದ್ದವನೊಬ್ಬ ಓದಿದ್ದರೆ ಅದು ಬರಿಯ ಅವಹೇಳನವಾಗುತ್ತಿತ್ತು.

ಮುಖದ ತೆರೆಯ ಬಗ್ಗೆ ಕಾವ್ಯ ತೋರಿದ ತಾತ್ಸಾರ ಇನ್ನೂ ವಿಚಿತ್ರವಾಗಿ ಕಾಣುವುದು ಅದೇ ಕಾವ್ಯ ಬೇರೆಡೆ ಮೂಡಿದ ತೆರೆಗಳನ್ನು ಹಾಡಿಹೊಗಳಿರುವುದನ್ನು ನೋಡಿದಾಗ. ನಾಯಿಕೆಯ ಹೊಟ್ಟೆಯ ಮೇಲಿನ ಮೂರು ಮಡಿಕೆಗಳಿಗೆ ತ್ರಿವಳಿ ಎಂದು ಹೆಸರು. ಚಂಪೂಕಾವ್ಯದ ಯಾವ ಸ್ತ್ರೀವರ್ಣನೆಯೂ ಅದನ್ನು ಬಿಟ್ಟು ಮುಂದೆ ಹೋಗಲಾರದೆಂಬಷ್ಟು ಅದು ಬಳಕೆಯ ವಸ್ತು. ಮುಖದ ಸುಕ್ಕಿಗೆ ಸಂಸ್ಕೃತ ಬಳಸುವ ವಲಿ, ತ್ರಿವಳಿಯ ವಳಿ ಎರಡೂ ಒಂದೇ ಪದ. ಕೊರಳಿನ ಮೂರು ಗೆರೆಗಳೂ ಹಾಗೆಯೇ. ಶಂಖದಂಥ ಕೊರಳು ಸಲ್ಲಕ್ಷಣ; ಜಿನಬಿಂಬಗಳ ಕೊರಳಲ್ಲಿ ಶಿಲ್ಪಿಗಳು ಆ ಗೆರೆಗಳನ್ನು ಎಚ್ಚರದಿಂದ ಕಡೆದು ತೋರಿಸಿದ್ದಾರೆ. ಇಂದು ಅದೇ ಗೆರೆಗಳನ್ನು ಅಳಿಸಲೆಂದು ಪ್ರತ್ಯೇಕ ಕ್ರೀಮುಗಳು ಮಾರಾಟವಾಗುತ್ತಿವೆ. ಚರ್ಮ ಮಡಿಚಿಕೊಳ್ಳುವುದು ಒಂದೇ ಕ್ರಿಯೆ. ಅದು ಎಲ್ಲಿ, ಯಾವ ಪ್ರಾಯದಲ್ಲಿ, ಯಾರ ಕಣ್ಣಿಗೆ ಎಂಬುದರ ಮೇಲೆ ಅಂದವೂ ಕುಂದೂ ನಿರ್ಧಾರವಾಗುತ್ತವೆ. ಅಂದಮೇಲೆ ಮುಖದ ತೆರೆ ತಾನಾಗಿಯೇ ಕುರೂಪ ಎನ್ನುವ ಮಾತಿಗೆ ಕಾವ್ಯಶಾಸ್ತ್ರದ ಆಧಾರವೂ ಇಲ್ಲ, ಪ್ರತಿಮಾಶಾಸ್ತ್ರದ ಆಧಾರವೂ ಇಲ್ಲ.

ತೆರೆ ಮೂಡುವ ಮೊದಲೇ ಮರೆಯಾದವಳು ನೀಲಾಂಜನೆ. ಪಂಪನ ಆದಿಪುರಾಣದ ಆ ನೃತ್ಯಪ್ರಸಂಗವನ್ನು ಕುರಿತು ಬಂದಿರುವಷ್ಟು ವಿಮರ್ಶೆ ಕನ್ನಡದಲ್ಲಿ ಮತ್ತಾವ ಪ್ರಸಂಗಕ್ಕೂ ಬಂದಿರಲಾರದು. ಆದರೂ ಇಲ್ಲಿ ಒಂದು ಮಾತು ಅಗತ್ಯ. ಕುಣಿಯುತ್ತಿದ್ದಂತೆಯೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣದಲ್ಲೇ ಅವಳಂಥದೇ ಇನ್ನೊಂದು ರೂಪವನ್ನು ತಂದು ನಿಲ್ಲಿಸುತ್ತಾನೆ. ಸಭೆಗೆ ತಿಳಿಯುವುದಿಲ್ಲ; ವೃಷಭನೊಬ್ಬನಿಗೆ ತಿಳಿಯುತ್ತದೆ. ಎಂಬತ್ತಮೂರು ಲಕ್ಷ ಪೂರ್ವಗಳಷ್ಟು ಬಾಳಿಯೂ ನರೆ ಕಾಣದ ಅವನಿಗೆ ವೈರಾಗ್ಯ ಹುಟ್ಟಿಸಲು ಇನ್ನೊಬ್ಬಳ ಸಾವೇ ಬೇಕಾಯಿತು. ಓದುಗರ ಗಮನ ಸಹಜವಾಗಿ ವೃಷಭನ ಕಡೆಗೆ ಹೋಗುತ್ತದೆ. ಆದರೆ ನಡುವಯಸ್ಸಿನ ಮುಖದ ಪ್ರಶ್ನೆಯನ್ನು ಇಟ್ಟುಕೊಂಡು ಓದಿದಾಗ ಕಾಡುವುದು ಇಂದ್ರನ ಕೈಚಳಕ, ಸಭೆಯ ಮರೆವು. ಮೂವತ್ತೈದು ದಾಟಿದ ನಾಯಕಿಯ ಜಾಗದಲ್ಲಿ ಅದೇ ನಾಯಕನ ಪಕ್ಕಕ್ಕೆ ಇಪ್ಪತ್ತರ ನಾಯಕಿಯನ್ನು ತಂದು ನಿಲ್ಲಿಸುವ ಚಲನಚಿತ್ರರಂಗ ಮಾಡುವುದು ಇದನ್ನೇ. ಹಾಡು ನಿಲ್ಲುವುದಿಲ್ಲ, ತಾಳ ತಪ್ಪುವುದಿಲ್ಲ. ನಾಯಕನ ನರೆಗೆ ಬಣ್ಣ ಬಳಿದರೂ ಸರಿ, ಬಳಿಯದೆ ಅದನ್ನೇ ಗಾಂಭೀರ್ಯವೆಂದು ತೋರಿಸಿದರೂ ಸರಿ. ರಾಜನ ನರೆಗೆ ಸಂದ ಗೌರವ ಅಲ್ಲಿ ಬೇರೆ ವೇಷದಲ್ಲಿ ಮುಂದುವರಿದಿದೆ.

ಇನ್ನು ಜುಗುಪ್ಸೆಯ ವಿಷಯ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅಶುಚಿ ಒಂದು. ದೇಹ ಎಂಥ ಧಾತುಗಳಿಂದ ಆಗಿದೆ, ಅದು ಹೇಗೆ ಶಿಥಿಲವಾಗುತ್ತದೆ ಎಂಬುದನ್ನು ಸಾಧಕ ಮತ್ತೆ ಮತ್ತೆ ಚಿಂತಿಸಬೇಕು. ಕನ್ನಡದಲ್ಲಿ ಬಂಧುವರ್ಮನ ಜೀವಸಂಬೋಧನೆ ಈ ಅನುಪ್ರೇಕ್ಷೆಗಳನ್ನೇ ವಸ್ತುವಾಗಿ ಉಳ್ಳದ್ದು. ಅದರ ಹೆಸರೇ ಹೇಳುವಂತೆ ಅಲ್ಲಿ ಮಾತು ಜೀವನಿಗೆ, ಎಂದರೆ ತನಗೇ. ಇದು ಔಷಧ; ತನ್ನ ದೇಹದ ಮೇಲಿನ ತನ್ನ ಮೋಹಕ್ಕೆ ತಾನು ತೆಗೆದುಕೊಳ್ಳಬೇಕಾದದ್ದು. ಅದನ್ನು ಇನ್ನೊಬ್ಬರ ಮುಖದ ಮೇಲೆ ಸುರಿದಾಗ ಔಷಧವಾಗಿ ಉಳಿಯುವುದಿಲ್ಲ. ವೈರಾಗ್ಯಪ್ರಧಾನ ಪದ್ಯಗಳಲ್ಲಿ ಮುದಿ ಸ್ತ್ರೀದೇಹದ ವರ್ಣನೆ ಎಷ್ಟೋ ಕಡೆ ಈ ಗೆರೆಯನ್ನು ದಾಟಿದೆ ಎಂಬುದನ್ನು ಒಪ್ಪಿಕೊಳ್ಳಲು ಹಿಂಜರಿಯಬೇಕಾಗಿಲ್ಲ. ಅದಕ್ಕಿಂತ ಕಳವಳದ ಸಂಗತಿ ಬೇರೊಂದಿದೆ. ಚರ್ಮದ ಕ್ರೀಮಿನ ಜಾಹೀರಾತಿನ ಭಾಷೆಯನ್ನು ಕಿವಿಗೊಟ್ಟು ಕೇಳಿದರೆ ಅಲ್ಲಿಯೂ ಇದೇ ಪಟ್ಟಿ: ಜೋತುಬಿದ್ದ ಚರ್ಮ, ಕಪ್ಪು ಕಲೆ, ಕಣ್ಣ ಕೆಳಗಿನ ಚೀಲ, ಕಾಂತಿ ಕಳೆದ ಕೆನ್ನೆ. ವಿರಾಗಿಯ ಶಬ್ದಕೋಶವನ್ನು ವ್ಯಾಪಾರಿ ಇಡಿಯಾಗಿ ಎರವಲು ಪಡೆದಿದ್ದಾನೆ. ವಿರಾಗಿ ಮೋಹ ಸಡಿಲಲೆಂದು ಹೇಸಿಗೆ ಹುಟ್ಟಿಸಿದ. ವ್ಯಾಪಾರಿ ಮೋಹ ಬಿಗಿಯಲೆಂದು ಹುಟ್ಟಿಸುತ್ತಾನೆ. ಐವತ್ತರ ಅಂಚಿನ ಹೆಣ್ಣುಮಗಳಿಗೆ, ಮುಟ್ಟು ನಿಲ್ಲುವ ಕಾಲದಲ್ಲಿ ಚರ್ಮ ಮೊದಲಿಗಿಂತ ಬೇಗ ತೆಳುವಾಗುವ ಆ ಕೆಲವು ವರ್ಷಗಳಲ್ಲಿ, ಎರಡೂ ಕಡೆಯಿಂದ ಕೇಳಿಸುವುದು ಒಂದೇ ಮಾತು.

ಇದಕ್ಕೆ ಪ್ರತಿಯಾಗಿ ಶಾಸ್ತ್ರದೊಳಗೇ ಒಂದು ಬಲವಾದ ಮಾತಿದೆ. ಅದನ್ನು ದೇಹದ ರೂಪಾಂತರದ ಚರ್ಚೆಗೆ ತಂದವರು ಕಡಿಮೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಹೇಳುವಾಗ ಮೂರನೆಯದಾಗಿ ನಿರ್ವಿಚಿಕಿತ್ಸೆಯನ್ನು ಇಡುತ್ತದೆ: ದೇಹದ ಅಶುಚಿತ್ವವನ್ನು ಅಲ್ಲಗಳೆಯದೆಯೇ ಅದರ ಬಗ್ಗೆ ಹೇಸದಿರುವುದು, ಗುಣದಲ್ಲಿ ಪ್ರೀತಿಯಿಡುವುದು. ಇದಕ್ಕೆ ದೃಷ್ಟಾಂತ ಉದ್ದಾಯನ ರಾಜ. ದೇವನೊಬ್ಬ ರೋಗಪೀಡಿತ ಮುನಿಯ ವೇಷದಲ್ಲಿ ಬಂದು, ಉಂಡದ್ದನ್ನೆಲ್ಲ ರಾಜದಂಪತಿಗಳ ಎದುರಿನಲ್ಲೇ ಕಾರಿಕೊಂಡಾಗ, ಆಹಾರದಲ್ಲೇ ಏನೋ ದೋಷವಿದ್ದಿರಬೇಕೆಂದು ರಾಜ ತನ್ನನ್ನೇ ಹಳಿದುಕೊಂಡು ಆ ಮೈಯನ್ನು ತೊಳೆದನೆಂದು ಕಥೆ. ಅಶುಚಿ ಅನುಪ್ರೇಕ್ಷೆ ತನ್ನ ಕಡೆಗೆ ತಿರುಗಿಸಬೇಕಾದ ಕನ್ನಡಿ. ನಿರ್ವಿಚಿಕಿತ್ಸೆ ಇತರರನ್ನು ನೋಡಬೇಕಾದ ಕಣ್ಣು. ಎರಡರ ಸ್ಥಾನವನ್ನು ಅದಲುಬದಲು ಮಾಡಿಕೊಂಡ ಸಮಾಜ ತನ್ನ ಮುಖಕ್ಕೆ ಲೇಪ ಹಚ್ಚಿಕೊಂಡು ಪಕ್ಕದವರ ಸುಕ್ಕನ್ನು ಎಣಿಸುತ್ತದೆ. ಮದುವೆಮನೆಗಳಲ್ಲಿ ಬಹುಕಾಲದ ಮೇಲೆ ಸಿಕ್ಕವರಿಗೆ ‘ಎಷ್ಟು ಇಳಿದುಹೋಗಿದ್ದೀರಿ’ ಎನ್ನುವುದು ಕುಶಲಪ್ರಶ್ನೆಯಾಗಿಬಿಟ್ಟಿರುವುದು ಈ ಅದಲುಬದಲಿನ ಫಲ.

ಅದೇ ಗ್ರಂಥ ಎಂಟು ಮದಗಳಲ್ಲಿ ಶರೀರಮದವನ್ನೂ ಸೇರಿಸಿದೆ. ಇದನ್ನು ಅಲಂಕಾರಪ್ರಿಯರ ವಿರುದ್ಧ ಮಾತ್ರ ಬಳಸುವುದು ರೂಢಿ. ಕೂದಲಿಗೆ ಬಣ್ಣ ಹಚ್ಚದಿರುವುದೇ ತನ್ನ ಹಿರಿಮೆಯೆಂದು ಸಭೆಯಲ್ಲಿ ಬೀಗುವವರಿಗೂ ಅದು ಅಷ್ಟೇ ಅನ್ವಯಿಸುತ್ತದೆ. ಇನ್ನು ಜರೆಯನ್ನು ಕುರಿತು ಶಾಸ್ತ್ರಗಳ ಅಳತೆ ಕವಿಗಳ ಅಳತೆಗಿಂತ ಬೇರೆ. ದಶವೈಕಾಲಿಕ ಸೂತ್ರ ಮುಪ್ಪನ್ನು ಗುರುತಿಸುವುದು ಪೀಡೆಯಿಂದ, ರೋಗದಿಂದ, ಇಂದ್ರಿಯಗಳ ಕ್ಷೀಣತೆಯಿಂದ. ಅವು ಬರುವ ಮೊದಲು ಧರ್ಮವನ್ನು ಆಚರಿಸು ಎನ್ನುತ್ತದೆ. ಸಮಂತಭದ್ರರು ಸಲ್ಲೇಖನೆಯ ಸಂದರ್ಭಗಳನ್ನು ಹೇಳುವಾಗ ಪ್ರತೀಕಾರವಿಲ್ಲದ ಜರೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಕಣ್ಣು ಓದುತ್ತದೆ, ಕಾಲು ಬೆಟ್ಟ ಹತ್ತುತ್ತದೆ, ಬುದ್ಧಿ ಚುರುಕಾಗಿದೆ ಎಂದಾದರೆ ಆ ಲೆಕ್ಕದಲ್ಲಿ ಹಣೆಯ ಮೂರು ಗೆರೆಗಳು ಜರೆಯೇ ಅಲ್ಲ. ನಲವತ್ತೆಂಟರ ಸುಕ್ಕನ್ನು ಅಂತ್ಯದ ಮುನ್ನುಡಿಯೆಂದು ಓದಿಕೊಂಡು ಕಂಗೆಡುವವರಿಗೆ ಈ ವ್ಯತ್ಯಾಸ ತಿಳಿದಿದ್ದರೆ ಸಾಕಷ್ಟು ಸಂಕಟ ತಪ್ಪೀತು.

ಪೂಜ್ಯಪಾದರು ಇನ್ನೂ ಒಂದು ಹೆಜ್ಜೆ ಮುಂದಿಟ್ಟವರು. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯಕ್ಕೆ ಸರ್ವಾರ್ಥಸಿದ್ಧಿಯಲ್ಲಿ ವ್ಯಾಖ್ಯಾನ ಬರೆಯುತ್ತ, ನಾಮಕರ್ಮದ ಭೇದಗಳಲ್ಲಿ ಶರೀರದ ಆಕಾರವನ್ನು ರೂಪಿಸುವ ಕರ್ಮವೇ ಬೇರೆ, ಇತರರಿಗೆ ಪ್ರೀತಿ ಹುಟ್ಟಿಸುವ ಸುಭಗನಾಮಕರ್ಮವೇ ಬೇರೆ ಎಂದು ವಿಂಗಡಿಸುತ್ತಾರೆ. ರೂಪವಿದ್ದೂ ಅಪ್ರಿಯನಾಗುವುದು ದುರ್ಭಗದ ಲಕ್ಷಣ. ರೂಪ ಮತ್ತು ಪ್ರೀತಿಪಾತ್ರತೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ಶಾಸ್ತ್ರವಲ್ಲ, ಶೃಂಗಾರಕಾವ್ಯ. ಗಮನಿಸಬೇಕಾದ ವಿಪರ್ಯಾಸವೆಂದರೆ ಯಶೋಧರಚರಿತೆಯಲ್ಲಿ ಒಲವಿಗೂ ಅಂದಕ್ಕೂ ಸಂಬಂಧವಿಲ್ಲವೆಂದು ವಾದಿಸುವ ಏಕೈಕ ಪಾತ್ರ ಅಮೃತಮತಿ. ಮಾವುತನ ವಿಕಾರರೂಪವನ್ನು ದೂತಿ ಅಂಗಾಂಗವಾಗಿ ಹೀಗಳೆದಾಗ ಅವಳು ಕೊಡುವ ಉತ್ತರ ತರ್ಕವಾಗಿ ಪೂಜ್ಯಪಾದರ ವಿಂಗಡಣೆಗೆ ಹತ್ತಿರದ್ದು. ಕವಿ ಆ ಮಾತನ್ನು ಪಾಪಿಯ ಬಾಯಲ್ಲಿಟ್ಟ. ಅದರಿಂದಾಗಿ ಆ ಮಾತೂ ಪಾಪದ ಮಾತಾಗಿ ಉಳಿಯಿತು.

ಹಾಗಾದರೆ ಮುಖ ಬದಲಾಗುತ್ತಿರುವವರು ಮಾಡಬೇಕಾದದ್ದೇನು ಎಂಬ ಪ್ರಶ್ನೆ ಬರುತ್ತದೆ. ಸನತ್ಕುಮಾರ ಚಕ್ರವರ್ತಿಯ ಕಥೆ ಇಲ್ಲಿ ಒದಗುತ್ತದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ನಾಲ್ಕನೆಯದು ಅವನದೇ. ಸಂಸ್ಕೃತ ಪ್ರಾಕೃತ ಕಥಾಸಂಗ್ರಹಗಳಲ್ಲಿಯೂ ಅದಕ್ಕೆ ಹಲವು ರೂಪಗಳಿವೆ. ಅವನ ಚೆಲುವಿನ ಕೀರ್ತಿ ಕೇಳಿ ಇಬ್ಬರು ದೇವರು ವೇಷ ಮರೆಸಿಕೊಂಡು ಬಂದಾಗ ಅವನು ಸ್ನಾನಕ್ಕೆ ಮುನ್ನ ಅಲಂಕಾರವಿಲ್ಲದೆ ಇದ್ದ. ಅವರು ಬೆರಗಾದರು. ಒಡ್ಡೋಲಗಕ್ಕೆ ಬಂದು ನೋಡಿ ಎಂದು ಅವನು ಬೀಗಿದ. ಸರ್ವಾಭರಣಗಳೊಡನೆ ಕುಳಿತಿದ್ದಾಗ ಬಂದು ನೋಡಿದ ದೇವರಿಗೆ ಮೊದಲಿನ ಚೆಲುವು ಕಾಣಲಿಲ್ಲ. ಆಸ್ಥಾನದವರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಆಗ, ಕಥಾಕೋಶಗಳ ಒಂದು ಪಾಠದ ಪ್ರಕಾರ, ನೀರು ತುಂಬಿದ ಕೊಡವೊಂದನ್ನು ತರಿಸಿ, ಯಾರೂ ಕಾಣದಂತೆ ಹುಲ್ಲುಕಡ್ಡಿಯಿಂದ ಒಂದು ಹನಿ ತೆಗೆದು, ನೀರು ಕಡಿಮೆಯಾಗಿದೆಯೇ ಎಂದು ಸಭೆಯನ್ನು ಕೇಳಲಾಗುತ್ತದೆ. ಇಲ್ಲ ಎಂಬುದೇ ಉತ್ತರ.

ಈ ಹನಿ ನರೆಯಂತಲ್ಲ, ತೆರೆಯಂತೆ. ಅದು ಹೋದದ್ದು ಯಾವಾಗ ಎಂದು ಹೇಳಲಾಗದು. ಜೊತೆಯಲ್ಲಿ ಬಾಳುವವರಿಗೆ ಅದು ಕಾಣಿಸುವುದೇ ಇಲ್ಲ, ಬಿಡುವು ಕೊಟ್ಟು ಬಂದವರಿಗೆ ಮಾತ್ರ ಕಾಣುತ್ತದೆ. ಮನೆಯವರ ಕಣ್ಣಿನಲ್ಲಿ ಕೊಡ ಇನ್ನೂ ತುಂಬಿಯೇ ಇರುವುದು ಸುಳ್ಳಲ್ಲ. ಅಲ್ಲಿ ಪ್ರೀತಿ ಹನಿಗಳ ಲೆಕ್ಕ ಇಟ್ಟಿಲ್ಲ, ಅಷ್ಟೆ. ಇನ್ನೂ ಒಂದು ಸಂಗತಿ ಕಥೆಯಲ್ಲಿದೆ: ಚೆಲುವು ಕುಂದಿ ಕಂಡದ್ದು ಅಲಂಕಾರವಾದ ಮೇಲೆ. ಹನಿ ಹೋದ ಜಾಗವನ್ನು ಮುಚ್ಚಲು ಮನುಷ್ಯ ಎಷ್ಟೋ ಉಪಾಯಗಳನ್ನು ಹುಡುಕಿದ್ದಾನೆ. ಹುಬ್ಬುಗಳ ನಡುವಿನ ಗೆರೆ ಅಳಿಸಲು ಬೊಟುಲಿನಮ್ ವಿಷದ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ಒಪ್ಪಿತು. ಅದು ಗೆರೆಯನ್ನು ಅಳಿಸುವುದಿಲ್ಲ, ಗೆರೆ ಮೂಡಿಸುವ ಸ್ನಾಯುವಿಗೆ ನರದ ಸಂದೇಶ ಮುಟ್ಟದಂತೆ ತಡೆಯುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಸಂದೇಶ ಮತ್ತೆ ಮುಟ್ಟುತ್ತದೆ. ಬೇಕೆಂದವರು ಮಾಡಿಸಿಕೊಳ್ಳಲಿ, ಬಣ್ಣ ಹಚ್ಚುವವರು ಹಚ್ಚಲಿ. ನೌಕರಿಯ ಸಂದರ್ಶನಕ್ಕೆ ಹೋಗುವ ಐವತ್ತರ ಗುಮಾಸ್ತೆಗೆ ಅದು ಮದವಲ್ಲ, ಅನ್ನದ ಪ್ರಶ್ನೆ. ಶಾಸ್ತ್ರದ ಹೆಸರಿನಲ್ಲಿ ಅವಳನ್ನು ಹಳಿಯುವವರು ಮೊದಲು ಉದ್ದಾಯನನ ಕಥೆಯನ್ನು ಮತ್ತೊಮ್ಮೆ ಓದುವುದು ಲೇಸು.

ಆದರೆ ಸನತ್ಕುಮಾರನ ಮುಂದಿನ ಬಾಳನ್ನೂ ಮರೆಯಬಾರದು. ಮುನಿಯಾದ ಮೇಲೆ ರೋಗಗಳು ಮೈಯನ್ನು ಮುತ್ತಿದವು. ವೈದ್ಯರ ವೇಷದಲ್ಲಿ ಮತ್ತೆ ಬಂದ ದೇವರಿಗೆ ಅವನು ಕೇಳಿದ್ದು ಕರ್ಮರೋಗಕ್ಕೆ ಮದ್ದಿದೆಯೇ ಎಂದು. ಮೈಯನ್ನು ವಾಸಿಮಾಡಿಕೊಳ್ಳುವ ಶಕ್ತಿ ತಪಸ್ಸಿನಿಂದ ಅವನಿಗೇ ಬಂದಿತ್ತು, ಬಳಸಲಿಲ್ಲ. ನರೆಯ ಅರಸರು ಒಂದು ಕೂದಲು ಕಂಡು ಹೊರಟುಹೋದರು. ಅವರ ಮುಖಕ್ಕೆ ಮುಂದೇನಾಯಿತೆಂದು ಕವಿಗಳು ಹೇಳುವುದಿಲ್ಲ. ಕೆಡುತ್ತಿರುವ ಮೈಯೊಡನೆ ದೀರ್ಘಕಾಲ ಬಾಳಿ ತೋರಿದವನು ಸನತ್ಕುಮಾರ. ಕಾಡಿಗೆ ಹೋಗಲಾರದ, ಸಾಲದ ಕಂತು, ಮಕ್ಕಳ ಪರೀಕ್ಷೆ, ತಾಯಿಯ ಮಂಡಿನೋವುಗಳ ನಡುವೆ ಇರುವ ಸಾಮಾನ್ಯರಿಗೆ ಯಶೌಘನಿಗಿಂತ ಅವನೇ ಹೆಚ್ಚು ಹತ್ತಿರದವನು.

ಚಂದ್ರಮತಿಗೆ ಸಿಗದಿದ್ದ ಬಾಗಿಲು ಕನ್ನಡ ನಾಡಿನ ಇತಿಹಾಸದಲ್ಲಿ ಒಬ್ಬಳಿಗಾದರೂ ಸಿಕ್ಕಿತ್ತು. ಗಂಡ ನಾಗದೇವ ಮಡಿದಾಗ ತಂಗಿ ಹಾಗೂ ಸವತಿ ಗುಂಡಮಬ್ಬೆ ಸಹಗಮನ ಮಾಡಿದಳು; ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಉಳಿದ ಆ ವರ್ಷಗಳಲ್ಲಿಯೇ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದ್ದು, ರನ್ನನಿಂದ ಅಜಿತಪುರಾಣ ಬರೆಯಿಸಿದ್ದು. 993ರಲ್ಲಿ ಮುಗಿದ ಆ ಕಾವ್ಯದಲ್ಲಿ ರನ್ನ ಆಕೆಯ ಚರಿತೆಯನ್ನು ಬಣ್ಣಿಸಲು ಒಂದು ಪದ್ಯದಲ್ಲಿ ನಾಲ್ಕು ಹೋಲಿಕೆಗಳನ್ನು ತರುತ್ತಾನೆ: ಬಿಳಿಯ ಹತ್ತಿ, ಗಂಗೆಯ ನೀರು, ಗುರು ಅಜಿತಸೇನರ ಗುಣಗಳು, ಕೊಪಣದ ಬೆಟ್ಟ. ಚಂದ್ರನಿಲ್ಲ, ತಾವರೆಯಿಲ್ಲ, ಕನ್ನಡಿಯಿಲ್ಲ. ಚಂಪೂ ಕವಿಯೊಬ್ಬ ಹೆಣ್ಣೊಬ್ಬಳನ್ನು ಹೊಗಳುವಾಗ ಇವು ಯಾವುವೂ ಬಾರದಿರುವುದು ಸಣ್ಣ ಸಂಗತಿಯಲ್ಲ. ಹದಿನಾಲ್ಕು ವರ್ಷಗಳ ನಂತರ, 1007ರ ಲಕ್ಕುಂಡಿಯ ಶಾಸನದಲ್ಲಿ ಆಕೆ ಮತ್ತೆ ಕಾಣಿಸುತ್ತಾಳೆ. ಅಷ್ಟು ಹೊತ್ತಿಗೆ ನರೆಯೂ ಬಂದಿದ್ದೀತು, ತೆರೆಯೂ ಮೂಡಿದ್ದೀತು. ಶಾಸನ ಹಾಡುತ್ತಿರುವುದು ಆಕೆ ಕಟ್ಟಿಸಿದ ಜಿನಾಲಯವನ್ನು, ಆಕೆಯ ದಾನವನ್ನು, ಮಹಿಮೆಗಳನ್ನು.